ಆಟವೆಂದರೆ ಯಾಕಿಷ್ಟು ಸಿಟ್ಟು?

ನಮ್ಮ ಊರಿನಲ್ಲಿ ಈಗ 'ಗೇಮ್' ಎಂಬುದೊಂದು ಬೈಗುಳ. ಪೋಷಕರ ಸಭೆಗೆ ಬಂದು ಕುಳಿತರೆ ಸಾಕು, ನಿಮಗೇ ಗೊತ್ತಾಗುತ್ತದೆ. ಮಗನಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ಗೇಮ್ ಕಾರಣ, ಕಣ್ಣಿಗೆ ಕನ್ನಡಕ ಬಂದದ್ದಕ್ಕೆ ಗೇಮ್ ಕಾರಣ. ಊಟಕ್ಕೆ ಕರೆದರೆ ಏಳದಿರುವುದಕ್ಕೆ, ಅಜ್ಜಿಗೆ ಎದುರು ಮಾತಾಡಿದ್ದಕ್ಕೆ, ಕೊನೆಗೆ ತಲೆಯಲ್ಲಿ ಹೊಟ್ಟು ಹೆಚ್ಚಾದದ್ದಕ್ಕೂ ಗೇಮೇ ಕಾರಣ. ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿಗಳು ಈ ಮಾತಿಗೆಲ್ಲ ತಲೆದೂಗುತ್ತಾರೆ. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಹೇಳಿಕೊಡುತ್ತಿರುವ ನಾನು ಮಾತ್ರ ತಲೆದೂಗುವುದಿಲ್ಲ. ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. 'ಗೇಮ್' ಎಂಬ ಒಂದೇ ಚೀಲದಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ತುಂಬಿ ಬಾಯಿ ಕಟ್ಟಿದ್ದೇವೆ. ಒಂದು ಗಾಳ, ಇನ್ನೊಂದು ಆಟ. ಗಾಳವನ್ನು ಬೈಯುವ ಭರದಲ್ಲಿ ಆಟವನ್ನೂ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತಿದ್ದೇವೆ. ನಿಜ ಹೇಳಬೇಕೆಂದರೆ ಗಂಡುಮಕ್ಕಳ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ಯಾವ ಮನೆಯಲ್ಲೂ ಇಲ್ಲ. ನಾವು ಕಿತ್ತುಕೊಳ್ಳುವುದು ಹೆಣ್ಣುಮಕ್ಕಳ ಕೈಯಿಂದ ಮಾತ್ರ.

ಮೊದಲು ಗಾಳದ ಮಾತು ಮುಗಿಸಿಬಿಡುತ್ತೇನೆ. ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ ನಾವು. ಆ ಸ್ವಭಾವ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಫೋನಿನಲ್ಲಿ ಆಟ ಪುಕ್ಕಟೆ ಇಳಿಯುತ್ತದೆ. ನಾಲ್ಕು ದಿನ ಸಲೀಸಾಗಿ ಗೆಲ್ಲಿಸುತ್ತದೆ. ಐದನೆಯ ದಿನ 'ನಿನ್ನ ಜೀವ ಮುಗಿಯಿತು, ಅರ್ಧ ಗಂಟೆ ಕಾಯಿ, ಇಲ್ಲವೇ ಹಣ ಕೊಡು' ಎನ್ನುತ್ತದೆ. ಬಣ್ಣದ ಅಂಗಿ ಬೇಕೆ, ಹಣ ಕೊಡು. ಗೆಳೆಯನಿಗಿಂತ ದೊಡ್ಡ ಕತ್ತಿ ಬೇಕೆ, ಹಣ ಕೊಡು. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ 'ಫೋರ್ಟ್‌ನೈಟ್' ಎಂಬ ಪ್ರಸಿದ್ಧ ಆಟದ ಕಂಪನಿಯ ಮೇಲೆ ದೂರು ಹೂಡಿತು. ಮಕ್ಕಳ ಮಾಹಿತಿಯನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದರು ಎಂಬುದು ಒಂದು ಆರೋಪ. ಗುಂಡಿಗಳನ್ನು ಮೋಸದ ರೀತಿಯಲ್ಲಿಟ್ಟು, ಒಂದು ಸಲ ಬೆರಳು ತಾಗಿದರೆ ಹಣ ಕಳೆಯುವಂತೆ ಮಾಡಿದರು ಎಂಬುದು ಇನ್ನೊಂದು. 2022ರ ಡಿಸೆಂಬರ್‌ನಲ್ಲಿ ಆ ಕಂಪನಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ಹಿಂತಿರುಗಿಸಬೇಕಾದ ಹಣ. ನಮ್ಮಲ್ಲೂ ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಹಾಳಾಗಿ, ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನೇ ತಂದಿತು. ಆಟದ ಗೀಳು ಮಿತಿ ಮೀರಿದರೆ ಅದೊಂದು ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಇದಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಗಾಳವನ್ನು ಎಷ್ಟು ಬೈದರೂ ನನ್ನ ಒಪ್ಪಿಗೆಯಿದೆ.

ಆದರೆ ಹುಳಿ ಮಜ್ಜಿಗೆ ಮಾರುವವನೊಬ್ಬ ಬಂದನೆಂದು ಹಸುವನ್ನೇ ಹೊಡೆದೋಡಿಸುವುದು ಯಾವ ನ್ಯಾಯ?

ಎರಡನೆಯ ವಸ್ತು, ಅಂದರೆ ಆಟ, ನನಗೆ ಪರಿಚಯವಾದದ್ದು ನನ್ನ ತಂಗಿಯ ಮಗಳಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗಿ. ದೀಪಾವಳಿಗೆ ಬಂದವಳು, "ದೊಡ್ಡಮ್ಮ, ನೀನು ವ್ಯಾಕರಣದ ಟೀಚರ್ ಅಲ್ವಾ? ಇದನ್ನ ಆಡಿ ನೋಡು" ಎಂದು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟಳು. ಆಟದ ಹೆಸರು 'ಬಾಬಾ ಈಸ್ ಯೂ'. ಪರದೆಯ ಮೇಲೆ ಮೊಲದಂಥ ಒಂದು ಬಿಳಿ ಪ್ರಾಣಿ. ಸುತ್ತ ಗೋಡೆ, ಕಲ್ಲು, ಒಂದು ಬಾವುಟ. ಇವುಗಳ ಜೊತೆಗೆ ಪದಗಳೂ ಇಟ್ಟಿಗೆಗಳ ಹಾಗೆ ಬಿದ್ದಿವೆ. 'ಗೋಡೆ' 'ಎಂದರೆ' 'ತಡೆ' ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳು ಒಂದು ಸಾಲಿನಲ್ಲಿರುವ ತನಕ ಗೋಡೆ ನಮ್ಮನ್ನು ತಡೆಯುತ್ತದೆ. ಹೋಗಿ ಒಂದು ಪದವನ್ನು ಆಚೆ ತಳ್ಳಿದರೆ ವಾಕ್ಯ ಮುರಿಯುತ್ತದೆ. ವಾಕ್ಯ ಮುರಿದರೆ ನಿಯಮವೂ ಮುರಿಯಿತು. ಗೋಡೆ ಕಣ್ಣಿಗೆ ಕಾಣುತ್ತದೆ, ಆದರೆ ತಡೆಯುವುದಿಲ್ಲ. ಅದರ ನಡುವೆಯೇ ನಡೆದು ಹೋಗಬಹುದು! ಕರ್ತೃಪದ, ಕ್ರಿಯಾಪದ ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ವಾಕ್ಯವೊಂದಕ್ಕೆ ಇಂಥ ಬಲವಿದೆಯೆಂದು ಒಂದು ಆಟ ತೋರಿಸಿದ್ದನ್ನು ಕಂಡು ಆ ರಾತ್ರಿ ಹನ್ನೊಂದರ ತನಕ ಕುಳಿತೇ ಇದ್ದೆ. ಒಲೆಯ ಮೇಲಿನ ಹಾಲನ್ನು ತಂಗಿ ಇಳಿಸಿದಳು.

ಮರುದಿನ ವಿಚಾರಿಸಿದೆ. ಇದನ್ನು ಮಾಡಿದವನು ಫಿನ್‌ಲೆಂಡಿನ ಆರ್ವಿ ಟೈಕಾರಿ ಎಂಬ ವಿದ್ಯಾರ್ಥಿ. 2017ರಲ್ಲಿ 'ನಾರ್ಡಿಕ್ ಗೇಮ್ ಜಾಮ್' ಎಂಬ ಕೂಟದಲ್ಲಿ, ಒಂದು ವಾರಾಂತ್ಯದೊಳಗೆ ಇದರ ಮೊದಲ ರೂಪವನ್ನು ಕಟ್ಟಿದ್ದನಂತೆ. ಅಲ್ಲಿ ಅದಕ್ಕೆ ಮೊದಲ ಸ್ಥಾನ ಬಂತು. ಆಮೇಲೆ ಎರಡು ವರ್ಷ ದುಡಿದು, 2019ರಲ್ಲಿ ದೊಡ್ಡ ಆಟವನ್ನಾಗಿ ಮಾಡಿ ಮಾರಿದ. ನಾನು ಆಡಿದ್ದು ಆ ಮೊದಲ ಪುಟ್ಟ ರೂಪ. ಅದನ್ನು ಆತ ಪುಕ್ಕಟೆಯಾಗಿಯೇ ಬಿಟ್ಟಿದ್ದಾನೆ. ಅದರಲ್ಲಿ ಜೀವ ಮುಗಿಯುವುದಿಲ್ಲ, ಯಾರೂ ಹಣ ಕೇಳುವುದಿಲ್ಲ, ಜಾಹೀರಾತಿಲ್ಲ. ಮುಗಿದರೆ ಮುಗಿಯಿತು, ಎದ್ದು ಹೋಗಬಹುದು. ಈ 'ಮುಗಿಯುವ' ಗುಣವನ್ನು ಗಮನಿಸಿ. ಗಾಳ ಎಂದೂ ಮುಗಿಯುವುದಿಲ್ಲ. ಆಟಕ್ಕೆ ಒಂದು ಮುಕ್ತಾಯ ಇರುತ್ತದೆ.

ಇಂಥವನ್ನು 'ಇಂಡಿ ಗೇಮ್' ಎನ್ನುತ್ತಾರೆ. ಇಂಡಿ ಎಂದರೆ ವಿಜಯಪುರ ಜಿಲ್ಲೆಯ ನಿಂಬೆಹಣ್ಣಿನ ಊರಲ್ಲ. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬರೋ ನಾಲ್ವರೋ ಕೂಡಿ ಮಾಡಿದ ಆಟ. ಇವುಗಳಿಗೆಂದೇ ಇಂಟರ್‌ನೆಟ್ಟಿನಲ್ಲಿ ಒಂದು ಸಂತೆಯಿದೆ. ಹೆಸರು 'ಇಚ್ ಡಾಟ್ ಐಓ'. ಇಚ್ ಎಂದರೆ ತುರಿಕೆ, ಹೆಸರು ಕೇಳಿ ನನಗೂ ನಗು ಬಂತು. 2013ರಲ್ಲಿ ಲೀಫ್ ಕೊರ್ಕೊರನ್ ಎಂಬಾತ ತೆರೆದದ್ದು. ಅಲ್ಲಿ ಆಟ ಮಾಡಿದವರೇ ಬೆಲೆ ಇಡುತ್ತಾರೆ. ಸೊನ್ನೆ ಎಂದೂ ಇಡಬಹುದು, ಮನಸ್ಸಿಗೆ ಬಂದಷ್ಟು ಕೊಡಿ ಎಂದೂ ಹೇಳಬಹುದು. ಸಂತೆಯ ಯಜಮಾನನಿಗೆ ಎಷ್ಟು ಪಾಲು ಎಂಬುದನ್ನು ಸಹ ಮಾಡಿದವರೇ ಗೊತ್ತುಮಾಡುತ್ತಾರೆ. ಸಂತೆಯೆಂದ ಮೇಲೆ ಎಲ್ಲ ತರಹದ ಸರಕೂ ಇರುತ್ತದೆ, ಮಕ್ಕಳಿಗೆ ತಕ್ಕುದಲ್ಲದ್ದೂ ಇದೆ. ತರಕಾರಿಯನ್ನು ಹೇಗೆ ಮುಟ್ಟಿ ನೋಡಿ ಆರಿಸುತ್ತೇವೋ ಹಾಗೆ ನಾವೇ ಮೊದಲು ಆಡಿ ನೋಡಿ ಕೊಡಬೇಕು. ಆ ಶ್ರಮ ನಮಗೆ ಬೇಡ, ಬೈಗುಳ ಸುಲಭ.

ಇವೆಲ್ಲ ಹುಡುಗರ ಗುಂಡು ಹಾರಿಸುವ ಆಟಗಳೆಂದು ತಿಳಿಯಬೇಡಿ. 2014ರಲ್ಲಿ ಗೇಬ್ರಿಯೇಲೆ ಚಿರುಲ್ಲಿ ಎಂಬ ಹತ್ತೊಂಬತ್ತು ವರ್ಷದ ಇಟಲಿಯ ಹುಡುಗ ಒಂದು ಶನಿವಾರ-ಭಾನುವಾರದಲ್ಲಿ '2048' ಎಂಬ ಅಂಕಿ ಕೂಡಿಸುವ ಆಟ ಮಾಡಿ ಪುಕ್ಕಟೆ ಬಿಟ್ಟ. ನಿಮ್ಮಲ್ಲಿ ಹಲವರು ಬಸ್ಸಿನಲ್ಲಿ ಕುಳಿತು ಅದನ್ನು ಆಡಿರಬಹುದು. 'ವರ್ಡ್‌ಲ್' ಎಂಬ ಪದದಾಟದ ಕಥೆ ಇನ್ನೂ ಚೆಂದ. ಜೋಶ್ ವಾರ್ಡಲ್ ಎಂಬಾತ ಅದನ್ನು ಮಾಡಿದ್ದು ಪದಗಳ ಹುಚ್ಚಿದ್ದ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ. ಐದಕ್ಷರದ ಸುಮಾರು ಹನ್ನೆರಡು ಸಾವಿರ ಇಂಗ್ಲಿಷ್ ಪದಗಳಲ್ಲಿ ಜನಬಳಕೆಯ ಎರಡೂವರೆ ಸಾವಿರವನ್ನು ಜರಡಿ ಹಿಡಿದದ್ದು ಆಕೆಯೇ. 2021ರಲ್ಲಿ ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟರು. ದಿನಕ್ಕೆ ಒಂದೇ ಪದ, ಅದು ಮುಗಿದರೆ ನಾಳೆಯೇ. ಅದು ಎಷ್ಟು ಹಬ್ಬಿತೆಂದರೆ 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಮನೆಯವಳನ್ನು ನಗಿಸಲೆಂದು ಮಾಡಿದ ಆಟ! ನಮ್ಮ ಗಂಡಂದಿರು ನಮಗಾಗಿ ಏನು ಮಾಡಿದ್ದಾರೆಂದು ನಾನು ಇಲ್ಲಿ ಕೇಳುವುದಿಲ್ಲ.

ಇನ್ನು ಈ 'ಜಾಮ್' ಎಂಬುದರ ವಿಚಾರ. ಜಾಮ್ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಬ್ರೆಡ್ಡಿಗೆ ಸವರುವುದು ಒಂದು, ಬೆಂಗಳೂರಿನ ರಸ್ತೆಯಲ್ಲಿ ಸಿಕ್ಕಿಬೀಳುವುದು ಇನ್ನೊಂದು. ಇದು ಸಂಗೀತಗಾರರ ಮಾತು. ಮೊದಲೇ ತಾಲೀಮಿಲ್ಲದೆ ನಾಲ್ವರು ಕೂಡಿ ಆಗಿಂದಾಗ ನುಡಿಸುವುದಕ್ಕೆ ಜಾಮ್ ಎನ್ನುತ್ತಾರೆ. ಹಾಗೆಯೇ ಆಗಿಂದಾಗ ಆಟ ಕಟ್ಟುವ ಕೂಟ ಗೇಮ್ ಜಾಮ್. ಒಂದು ವಿಷಯ ಕೊಡುತ್ತಾರೆ, ಒಂದು ಗಡುವು ಕೊಡುತ್ತಾರೆ. ಸಾಮಾನ್ಯವಾಗಿ ನಲವತ್ತೆಂಟು ಗಂಟೆ. ಅಷ್ಟರೊಳಗೆ ಆ ವಿಷಯದ ಮೇಲೊಂದು ಆಟ ಮಾಡಿ ಮುಗಿಸಬೇಕು. ನಮ್ಮ ಪ್ರತಿಭಾ ಕಾರಂಜಿಯ ಆಶುಭಾಷಣ ಸ್ಪರ್ಧೆಯೇ! ಚೀಟಿ ಎತ್ತು, ಮಾತಾಡು. ಅವಧಾನಗಳಲ್ಲಿ ಸಮಸ್ಯೆಯ ಒಂದು ಸಾಲು ಕೊಟ್ಟು ಪದ್ಯ ತುಂಬಿಸು ಎನ್ನುವುದಿಲ್ಲವೇ, ಅದರ ಜಾತಿಯೇ ಇದು.

2002ರಲ್ಲಿ ಇಂಥ ಎರಡು ಕೂಟಗಳು ಹುಟ್ಟಿದವು. ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ 'ಇಂಡಿ ಗೇಮ್ ಜಾಮ್', ಇಂಟರ್‌ನೆಟ್ಟಿನ ಮೂಲಕ ಮನೆಯಲ್ಲೇ ಕುಳಿತು ಭಾಗವಹಿಸುವ 'ಲೂಡಮ್ ಡಾರೆ'. ಈ ಎರಡನೆಯ ಹೆಸರು ಲ್ಯಾಟಿನ್ ಭಾಷೆಯದು. 'ಆಟವನ್ನು ಕೊಡುವುದು' ಎಂದು ಅರ್ಥ. ಎಂಥ ಒಳ್ಳೆಯ ಹೆಸರು! ಅದರ ಕಟ್ಟುನಿಟ್ಟಿನ ವಿಭಾಗದಲ್ಲಿ ಒಬ್ಬರೇ, ನಲವತ್ತೆಂಟು ಗಂಟೆಯಲ್ಲಿ, ಚಿತ್ರ-ಸದ್ದು-ಲೆಕ್ಕ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ಹೇಗೆ ಮಾಡಿದೆ ಎಂಬುದನ್ನೂ ಬಿಚ್ಚಿ ತೋರಿಸಬೇಕಿತ್ತು. ಬಹುಮಾನ ಮಾತ್ರ ಏನೂ ಇರಲಿಲ್ಲ. ಆಟ ಮಾಡಿದವರೇ ಒಬ್ಬರ ಆಟವನ್ನು ಇನ್ನೊಬ್ಬರು ಆಡಿ ಅಂಕ ಕೊಡುತ್ತಿದ್ದರು. ಮಾಡಿ ಮುಗಿಸಿದ ಆಟವೇ ನಿನ್ನ ಬಹುಮಾನ ಎಂಬುದು ಅಲ್ಲಿನ ಮಾತು. ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಕಪ್ಪು ಕೊಡದಿದ್ದರೆ ಸ್ಪರ್ಧೆಯೇ ಅಲ್ಲ ಎಂದುಕೊಂಡಿರುವ ನಮ್ಮ ಶಾಲೆಗಳು ಇದನ್ನು ನಾಲ್ಕು ಸಲ ಓದಬೇಕು.

2009ರ ಜನವರಿಯಲ್ಲಿ 'ಗ್ಲೋಬಲ್ ಗೇಮ್ ಜಾಮ್' ಶುರುವಾಯಿತು. ಒಂದೇ ಸಮಯದಲ್ಲಿ ಲೋಕದ ನಾನಾ ಊರುಗಳಲ್ಲಿ ಜನ ಕೂಡಿ ಕುಳಿತು ಆಟ ಕಟ್ಟುತ್ತಾರೆ. ಮೊದಲ ವರ್ಷವೇ 23 ದೇಶಗಳ 53 ಕಡೆ ಸುಮಾರು 1,650 ಮಂದಿ ಸೇರಿದ್ದರು. ನಮ್ಮ ಬೆಂಗಳೂರಿನಲ್ಲೂ ಅದು ನಡೆದಿದೆ. 2013ರಲ್ಲಿ ಅಲ್ಲಿ ಕೊಟ್ಟ ವಿಷಯ ಪದವೂ ಅಲ್ಲ, ಚಿತ್ರವೂ ಅಲ್ಲ, ಹೃದಯ ಬಡಿಯುವ ಸದ್ದು! ಲಂಡನ್ನಿನ ನಾಲ್ವರು ಅದನ್ನು ಕೇಳಿ, ನಡುಗುವ ಕೈಯ ಡಾಕ್ಟರನೊಬ್ಬ ಹೃದಯದ ಆಪರೇಷನ್ ಮಾಡುವ ನಗೆಯ ಆಟ ಕಟ್ಟಿದರು. ಅದು 'ಸರ್ಜನ್ ಸಿಮ್ಯುಲೇಟರ್' ಎಂದು ಹೆಸರಾಯಿತು. ಓಡುವ ರೈಲಿನಲ್ಲಿ ನಡೆಯುವ ಜಾಮ್ ಕೂಡ ಇತ್ತು. ಏಡ್ರಿಯಲ್ ವಾಲಿಕ್ ಎಂಬ ಹೆಣ್ಣುಮಗಳು 2014ರಲ್ಲಿ ಶುರುಮಾಡಿದ್ದು. ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಐವತ್ತೆರಡು ಗಂಟೆಯ ಪ್ರಯಾಣ. ಹತ್ತಿದವರು ಇಳಿಯುವುದರೊಳಗೆ ಆಟ ಮುಗಿಸಬೇಕು. ಇದನ್ನು ಕೇಳಿದಾಗ ನನಗೆ ಪ್ರವಾಸದ ರೈಲಿನಲ್ಲಿ ಅಂತ್ಯಾಕ್ಷರಿ ಹಾಡುತ್ತ ಹೋಗುವ ನಮ್ಮ ಮಕ್ಕಳೇ ಕಣ್ಮುಂದೆ ಬಂದರು.

ಮೋಜು ಎಲ್ಲಿದೆಯೆಂದರೆ, ಇಲ್ಲಿ ಆಟ ಸೊಟ್ಟಗಿದ್ದರೂ ನಡೆಯುತ್ತದೆ. ಎರಡು ದಿನದಲ್ಲಿ ಮಾಡಿದ್ದು ಎಷ್ಟು ಚೆನ್ನಾಗಿದ್ದೀತು? ಗೊಂಬೆಗೆ ಕಾಲಿರುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಯಾರೂ ಬೈಯುವುದಿಲ್ಲ, ನಗುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕುವವಳಿಗೆ ಈ ಸಂತೋಷ ಗೊತ್ತು. ಚುಕ್ಕಿ ಒಂದು ಹೆಚ್ಚಾಯಿತು, ಎಳೆ ಸೊಟ್ಟಗಾಯಿತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಸ್ಕೂಟರು ಓಡಾಡುತ್ತದೆ. ನಾಳೆ ಇನ್ನೊಂದು ಹಾಕಿದರಾಯಿತು. ಹಾಕುವುದರಲ್ಲೇ ಸುಖ.

ರಂಗೋಲಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಹೆಂಗಸರಿಗೂ ಆಟಕ್ಕೂ ಇರುವ ಸಂಬಂಧವನ್ನು ಸ್ವಲ್ಪ ನೋಡೋಣ. ನಮ್ಮ ಊರಿನಲ್ಲಿ ಗಂಡಸರಿಗೆ ಇಸ್ಪೀಟಿಗೆಂದು ಒಂದು ಕ್ಲಬ್ಬಿದೆ, ಫ್ಯಾನು-ಕಾಫಿ ಸಮೇತ. ಹುಡುಗರಿಗೆ ಕ್ರಿಕೆಟ್ಟಿಗೆ ಮೈದಾನವಿದೆ. ಹುಡುಗಿಗೆ ಕುಂಟೆಬಿಲ್ಲೆ ಆಡಲು ಅಂಗಳದಲ್ಲಿ ನಾಲ್ಕು ಗೆರೆ, ಅದೂ 'ದೊಡ್ಡವಳಾಗುವ' ತನಕ. ಆಮೇಲೆ ಒಂದು ದಿನ ಯಾರೋ ಅತ್ತೆಯೋ ಅಜ್ಜಿಯೋ, "ಇನ್ನು ಕುಣಿದದ್ದು ಸಾಕು" ಎನ್ನುತ್ತಾರೆ. ಅಲ್ಲಿಗೆ ಆಟ ಮುಗಿಯಿತು. ಆ ಒಂದು ವಾಕ್ಯ ಕೇಳದ ಹೆಂಗಸು ನಮ್ಮಲ್ಲಿ ಯಾರಾದರೂ ಇದ್ದೀರಾ? ಪುರಾಣದಲ್ಲಿಯೂ ಪಗಡೆಯೆಂದರೆ ನೆನಪಾಗುವುದು ಪಣಕ್ಕೆ ಇಟ್ಟ ದ್ರೌಪದಿ. ಆದರೆ ಅದೇ ನಮ್ಮ ಪುರಾಣದಲ್ಲಿ ಪಾರ್ವತಿ ಶಿವನ ಎದುರು ಸರಿಸಮ ಕುಳಿತು ಪಗಡೆ ಆಡಿದ್ದಾಳೆ. ಎಲ್ಲೋರದ ಗುಹೆಯಲ್ಲಿ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ನಾವು ಮಾತ್ರ ಪಣವನ್ನು ನೆನಪಿಟ್ಟೆವು, ಆಟಗಾತಿಯನ್ನು ಮರೆತೆವು.

ಆಟ ಕಟ್ಟುವುದಂತೂ ಈ ನೆಲಕ್ಕೆ ಹೊಸದೇ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಹಾಸಿನ ಆಟಗಳನ್ನೂ ಗಂಜೀಫಾ ಎಲೆಗಳ ಆಟಗಳನ್ನೂ ತಾವೇ ಕಲ್ಪಿಸಿದರು. ಅವರು ಅರಸರು, ಬಿಡುವಿತ್ತು ಎನ್ನುತ್ತೀರೋ? ಸರಿ, ನಮ್ಮ ಅಜ್ಜಿಯಂದಿರು? ಅಳಿಗುಳಿಮನೆಗೆ ಹುಣಸೆಬೀಜ, ಚೌಕಾಬಾರಕ್ಕೆ ಕವಡೆ, ಮನೆ ಬರೆಯಲು ಸೀಮೆಸುಣ್ಣ. ನಿಯಮ ಊರಿಗೊಂದು, ಕೇರಿಗೊಂದು. 'ನಮ್ಮ ತವರಲ್ಲಿ ಹೀಗಲ್ಲ' ಎಂದು ಮದುವೆಯಾಗಿ ಬಂದ ಸೊಸೆ ಒಂದು ನಿಯಮ ಸೇರಿಸಿದರೆ ಆ ಮನೆಯ ಆಟವೇ ಬದಲಾಗುತ್ತಿತ್ತು. ಅದೂ ಆಟ ಕಟ್ಟುವ ಕೆಲಸವೇ ತಾನೇ?

ಕಂಪ್ಯೂಟರಿನ ಆಟವೂ ಗಂಡಸರ ಸೊತ್ತಲ್ಲ. 1980ರಲ್ಲಿ ಅಮೆರಿಕದ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ, ಎಳೆಯ ಮಕ್ಕಳನ್ನು ಸಂಭಾಳಿಸುತ್ತ, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಒಂದು ಪತ್ತೇದಾರಿ ಆಟ ಬರೆದಳು. ಗಂಡ ಕಂಪ್ಯೂಟರಿಗೆ ಏರಿಸಿಕೊಟ್ಟ. 'ಮಿಸ್ಟರಿ ಹೌಸ್' ಎಂಬ ಆ ಆಟದಿಂದಲೇ ಅವರ ದೊಡ್ಡ ಕಂಪನಿ ಬೆಳೆಯಿತು. ಇಂಥ ಕೆಲಸಕ್ಕೆ ಈಗ ಗಂಡನ ಹಂಗೂ ಬೇಡ. 2009ರಲ್ಲಿ ಕ್ರಿಸ್ ಕ್ಲಿಮಾಸ್ ಎಂಬಾತ ಮಾಡಿದ 'ಟ್ವೈನ್' ಎಂಬ ಪುಕ್ಕಟೆ ಸಾಧನವಿದೆ. ಕಥೆ ಬರೆಯಲು ಬಂದರೆ ಸಾಕು. ಒಂದು ಪುಟ ಬರೆದು ಕೆಳಗೆ ಎರಡು ದಾರಿ ಕೊಡಬೇಕು. ಓದುವವರು ಒಂದನ್ನು ಒತ್ತಿದರೆ ಒಂದು ಪುಟ, ಇನ್ನೊಂದನ್ನು ಒತ್ತಿದರೆ ಇನ್ನೊಂದು. ಕನ್ನಡದಲ್ಲೇ ಬರೆಯಬಹುದು.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಎರಡು ದಿನದ ಆಟ ಕಟ್ಟುವ ಶಿಬಿರ ಮಾಡುತ್ತೇನೆಂದು ಅರ್ಜಿ ಕೊಟ್ಟೆ. ಬಂದ ಉತ್ತರಗಳನ್ನು ಕೇಳಿ. "ಕಂಪ್ಯೂಟರ್ ಅಂದರೆ ಹುಡುಗರಿಗೆ ಮಾಡಿಸಿ ಮೇಡಂ, ಹುಡುಗಿಯರಿಗೆ ರಂಗೋಲಿ ಇಟ್ಟುಕೊಳ್ಳಿ." "ಸಂಜೆಯಾದರೆ ಯಾರು ಜವಾಬ್ದಾರಿ?" "ಗೇಮ್ ಬೇಡ ಅಂತ ನಾವೇ ಹೇಳಿ, ನಾವೇ ಮಾಡಿಸೋದೇ?" ಮೂರು ತಿಂಗಳು ಅಲೆದ ಮೇಲೆ ಒಂದು ಶನಿವಾರ ಮಧ್ಯಾಹ್ನ, ಒಂದು ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಬೀಗದ ಕೈ ಸಿಕ್ಕಿತು. ಹನ್ನೊಂದು ಹುಡುಗಿಯರು, ಕೆಲಸ ಮಾಡುವ ಕಂಪ್ಯೂಟರು ಐದು. ಪ್ರತಿಯೊಬ್ಬಳೂ ಒಂದೊಂದು ಪದ ಬರೆದು ಸೀಮೆಸುಣ್ಣದ ಡಬ್ಬಿಗೆ ಹಾಕಿದರು. ಎತ್ತಿದ ಚೀಟಿಯಲ್ಲಿ ಬಂದ ವಿಷಯ 'ತಡ'.

ಆ ಎಂಟು ಗಂಟೆಗಳಲ್ಲಿ ಆ ಕೋಣೆಯಿಂದ ಎದ್ದ ನಗುವನ್ನು ನಾನು ನನ್ನ ಮೂವತ್ತು ವರ್ಷದಲ್ಲಿ ಆ ಶಾಲೆಯಲ್ಲಿ ಕೇಳಿಲ್ಲ. ಒಂದು ಗುಂಪು ಒಲೆಯ ಮೇಲಿನ ಹಾಲಿನ ಮೇಲೆ ಆಟ ಕಟ್ಟಿತು. ಹಾಲು ಕಾಯುತ್ತಿದೆ. ಅಷ್ಟರಲ್ಲಿ ಬಾಗಿಲು ಬಡಿಯುತ್ತದೆ, ಮಗು ಅಳುತ್ತದೆ, ಫೋನು ಬರುತ್ತದೆ, ಮಾವನವರು ಪೇಪರು ಕೇಳುತ್ತಾರೆ. ಯಾವುದನ್ನು ಒತ್ತಿದರೂ ಹಾಲು ಉಕ್ಕುತ್ತದೆ. ಉಕ್ಕದ ದಾರಿ ಒಂದೇ. ಯಾರು ಏನು ಕೇಳಿದರೂ 'ನೀವೇ ನೋಡಿಕೊಳ್ಳಿ' ಎನ್ನಬೇಕು! ಹದಿನಾಲ್ಕು ವರ್ಷದ ಹುಡುಗಿಯರಿಗೆ ಇದನ್ನು ಯಾರು ಹೇಳಿಕೊಟ್ಟರು?

ಇನ್ನೊಬ್ಬ ಹುಡುಗಿ ಒಂಟಿಯಾಗಿ ಮಾಡಿದಳು. ತರಗತಿಯಲ್ಲಿ ಬಾಯೇ ಬಿಡದ ಹುಡುಗಿ. ಅವಳ ಆಟದ ಹೆಸರು 'ಮನೆಗೆ ಹೋಗುವ ದಾರಿ'. ಶಾಲೆ ಬಿಟ್ಟಿದೆ, ಬಸ್ಸು ತಪ್ಪಿದೆ. ಎಡಗಡೆ ಟೀ ಅಂಗಡಿಯ ರಸ್ತೆ, ಬಲಗಡೆ ದೀಪವಿಲ್ಲದ ಗಲ್ಲಿ, ಇಲ್ಲವೇ ನಿಂತು ಮುಂದಿನ ಬಸ್ಸಿಗೆ ಕಾಯಬಹುದು. ಅಂಗಡಿಯ ರಸ್ತೆ ಹಿಡಿದರೆ ಯಾರೋ ಹಾಡು ಹೇಳುತ್ತಾರೆ, ಹಿಂದೆಯೇ ಬೈಕು ಬರುತ್ತದೆ. ಗಲ್ಲಿಯಲ್ಲಿ ನಾಯಿ, ಕತ್ತಲು, ಹೆಜ್ಜೆಯ ಸದ್ದು. ಕಾದರೆ ಪಕ್ಕದಲ್ಲಿ ಒಬ್ಬ ಬಂದು ನಿಲ್ಲುತ್ತಾನೆ. ಯಾವ ದಾರಿಯಲ್ಲಿ ಹೋದರೂ ಕೊನೆಯ ಪುಟ ಒಂದೇ. ಮನೆ ತಲುಪಿದೆ, ಅಮ್ಮ ಕೇಳಿದಳು, 'ಯಾಕೆ ತಡ?' ಅಲ್ಲಿಗೆ ಆಟ ಮುಗಿಯುತ್ತದೆ. ಅದಕ್ಕೆ ಉತ್ತರ ಒತ್ತಲು ಗುಂಡಿಯೇ ಇಲ್ಲ.

ಇದೇ ಹುಡುಗಿ 'ನನ್ನ ಶಾಲೆ' ಎಂಬ ಪ್ರಬಂಧದಲ್ಲಿ, ನಮ್ಮ ಶಾಲೆ ಪ್ರಶಾಂತ ವಾತಾವರಣದಲ್ಲಿದೆ ಎಂದು ಬರೆದು ಹತ್ತಕ್ಕೆ ಎಂಟು ತೆಗೆದವಳು. ಪ್ರಬಂಧದಲ್ಲಿ ಬಾರದ ಸತ್ಯ ಆಟದಲ್ಲಿ ಬಂತು. ಯಾಕೆಂದರೆ ಪ್ರಬಂಧದಲ್ಲಿ ಅವಳು ನಮಗೆ ಬೇಕಾದದ್ದನ್ನು ಬರೆಯಬೇಕು. ಆಟದಲ್ಲಿ ನಿಯಮ ಅವಳದು, ಆ ದಾರಿಯಲ್ಲಿ ನಡೆಯಬೇಕಾದವರು ನಾವು. ಓದಿ 'ಪಾಪ' ಎನ್ನುವುದು ಬೇರೆ, ಒಂದೊಂದಾಗಿ ಮೂರು ದಾರಿಯನ್ನೂ ಒತ್ತಿ ಎಲ್ಲಿಯೂ ಬಿಡುಗಡೆಯಿಲ್ಲವೆಂದು ಕಾಣುವುದು ಬೇರೆ.

ಸೋಮವಾರ ಅಪ್ಪಣೆಯಾಯಿತು. "ಆ ಟೀ ಅಂಗಡಿ ಯಾರದ್ದೆಂದು ಎಲ್ಲರಿಗೂ ಗೊತ್ತಾಗುತ್ತೆ. ಶಾಲೆಯ ಹೆಸರು ಕೆಡುತ್ತೆ. ಅಳಿಸಿಬಿಡಿ ಮೇಡಂ." ನಾನು ಅಳಿಸಲಿಲ್ಲ. ಅವಳನ್ನು ಕೇಳಿ, ಅವಳ ಹೆಸರಿಲ್ಲದಂತೆ, ಮುಂದಿನ ಪೋಷಕರ ಸಭೆಯ ದಿನ ತಾಯಂದಿರಿಗೆ ಆಡಲು ಕೊಟ್ಟೆ. ಒಬ್ಬ ತಾಯಿ ನಾಲ್ಕು ಸಲ ಆಡಿದರು. ನಾಲ್ಕನೆಯ ಸಲ ಮುಗಿಸಿ, "ಮೇಡಂ, ಇದರಲ್ಲಿ 'ಅಮ್ಮನಿಗೆ ಹೇಳು' ಅನ್ನೋದೇ ಇಲ್ವಲ್ಲ?" ಎಂದರು. ಯಾರೂ ಮಾತಾಡಲಿಲ್ಲ. ಆ ತಾಯಂದಿರಲ್ಲೇ ಹತ್ತು ಹನ್ನೆರಡು ಜನ ಸೇರಿ ಆ ಗಲ್ಲಿಗೆ ದೀಪ ಹಾಕಿಸಿ ಎಂದು ಪುರಸಭೆಗೆ ಅರ್ಜಿ ಕೊಟ್ಟಿದ್ದಾರೆ. ದೀಪ ಇನ್ನೂ ಬಂದಿಲ್ಲ. ಕಂಪ್ಯೂಟರ್ ಕೋಣೆಗೆ ಮಾತ್ರ ಬೀಗ ಬಿದ್ದಿದೆ. ಪರೀಕ್ಷೆ ಹತ್ತಿರ ಬಂತಂತೆ. ಹುಡುಗರು ಶನಿವಾರ ಮೈದಾನದಲ್ಲಿ ಕ್ರಿಕೆಟ್ ಆಡುತ್ತಲೇ ಇದ್ದಾರೆ, ಅವರಿಗೆ ಪರೀಕ್ಷೆಯಿಲ್ಲವೋ ಏನೋ.

ಆಕ್ಷೇಪಣೆಗಳು ಇನ್ನೂ ಇವೆ, ಬಲ್ಲೆ. "ಇದರಿಂದ ಏನು ಉಪಯೋಗ? ಕೆಲಸ ಸಿಗುತ್ತದೆಯೇ?" ಎನ್ನುವವರಿದ್ದಾರೆ. ಸಿಗಲೂಬಹುದು. ಕೆನಡಾದ ಒಂದು ಸಣ್ಣ ತಂಡ 2023ರಲ್ಲಿ 'ವೆಣ್ಬಾ' ಎಂಬ ಆಟ ತಂದಿತು. ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುವ ಕಥೆ. ಮರುವರ್ಷ ಅದಕ್ಕೆ ಬಾಫ್ಟಾ ಪ್ರಶಸ್ತಿ ಬಂತು. ನಮ್ಮ ಇಡ್ಲಿ ತಟ್ಟೆಯೂ ಆಟವಾಗಬಹುದೆಂದು ಲೋಕಕ್ಕೆ ತಿಳಿಯಿತು. ಆದರೆ ನಾನು ಕೆಲಸದ ಆಸೆ ತೋರಿಸಿ ವಾದ ಗೆಲ್ಲುವವಳಲ್ಲ. ಕ್ಲಬ್ಬಿನಲ್ಲಿ ಇಸ್ಪೀಟು ಕಲೆಸುವ ಗಂಡಸನ್ನು ಇದರಿಂದ ಏನು ಉಪಯೋಗವೆಂದು ಯಾರಾದರೂ ಕೇಳಿದ್ದುಂಟೇ? ಹೆಣ್ಣು ಕೈಗೆತ್ತಿಕೊಂಡ ತಕ್ಷಣ ಎಲ್ಲಕ್ಕೂ ಉಪಯೋಗದ ಲೆಕ್ಕ ಬರುತ್ತದೆ. ಹಾಡಿದರೆ ಗಂಡು ನೋಡಲು ಬಂದಾಗ ಉಪಯೋಗ, ಹೊಲಿದರೆ ನಾಲ್ಕು ಕಾಸು ಉಪಯೋಗ. ಸುಮ್ಮನೆ ಸಂತೋಷಕ್ಕೆಂದು ಒಂದು ಗಂಟೆ ಇಟ್ಟುಕೊಳ್ಳುವ ಹಕ್ಕು ಅವಳಿಗಿಲ್ಲವೇ?

"ಎರಡು ದಿನ ನಿದ್ದೆಗೆಟ್ಟು ಕೂರುವುದು ಒಳ್ಳೆಯದೇ?" ಎನ್ನುವವರಿಗೆ ಹೇಳುತ್ತೇನೆ, ಅಲ್ಲ. ಕೆಲವರು ಹಾಗೆ ಕೂರುತ್ತಾರೆ, ನಾನದನ್ನು ಒಪ್ಪುವುದಿಲ್ಲ. ನಮ್ಮ ಹುಡುಗಿಯರು ಐದು ಗಂಟೆಗೆ ಎದ್ದು ಮನೆಗೆ ಹೋದರು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು, ಭಾನುವಾರ ಒಂದು ಗಂಟೆಗೆ ಆಟ ಮುಗಿಸಿದರು. ಗಡುವು ಎಂಬುದು ಮೈ ಮುರಿಯುವುದಕ್ಕಲ್ಲ, ನಿಲ್ಲಿಸುವುದನ್ನು ಕಲಿಯುವುದಕ್ಕೆ.

"ಫೋನು ಕೊಟ್ಟರೆ ಹುಡುಗಿ ಕೆಡುತ್ತಾಳೆ" ಎನ್ನುವವರಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಅದೇ ಮನೆಯಲ್ಲಿ ಅವಳ ತಮ್ಮನ ಕೈಯಲ್ಲಿ ಫೋನಿದೆ.

ಆದ್ದರಿಂದ ಓದುವ ಅಕ್ಕ-ತಂಗಿಯರಲ್ಲಿ ನನ್ನ ಕೇಳಿಕೆ ಮೂರು. ಒಂದು, ಮಕ್ಕಳ ಕೈಯಲ್ಲಿರುವ ಆಟವನ್ನು ಕಿತ್ತೆಸೆಯುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ಇದನ್ನು ಮಾಡಿದವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಇದು ಮುಗಿಯುತ್ತದೆಯೇ? ಈ ಮೂರು ಪ್ರಶ್ನೆಯಲ್ಲಿ ಗಾಳ ಯಾವುದು, ಆಟ ಯಾವುದು ಎಂದು ತಿಳಿಯುತ್ತದೆ. ಎರಡು, ನೀವೂ ಆಡಿ. ಸಂಜೆಯ ಧಾರಾವಾಹಿಯಲ್ಲಿ ಅತ್ತೆ-ಸೊಸೆ ಜಗಳ ನೋಡುವ ಅರ್ಧ ಗಂಟೆಯಲ್ಲಿ ಒಂದು ಪುಟ್ಟ ಆಟ ಮುಗಿಯುತ್ತದೆ. ಜಗಳ ನಾಳೆಗೂ ಇರುತ್ತದೆ. ಮೂರು, ನಿಮ್ಮ ಊರಿನ ಶಾಲೆಗೆ ಹೋಗಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿಯಿದೆ, ಅದು ಹುಡುಗಿಯರಿಗೆ ವಾರದಲ್ಲಿ ಎಷ್ಟು ಗಂಟೆ ಸಿಗುತ್ತದೆ ಎಂದು ಕೇಳಿ. ಒಬ್ಬರೇ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ, ಹತ್ತು ಜನ ಹೋಗಿ.

'ಹುಡುಗಿ' 'ಎಂದರೆ' 'ಆಡಬಾರದು' ಎಂದು ನಮ್ಮ ಮನೆಗಳಲ್ಲಿ ಯಾರೋ ಮೂರು ಪದ ಜೋಡಿಸಿಟ್ಟು ಹೋಗಿದ್ದಾರೆ. ಅದು ಕಲ್ಲಿನ ಗೋಡೆಯಲ್ಲ, ಬರೀ ಒಂದು ವಾಕ್ಯ. ಅದರಲ್ಲಿ ಒಂದು ಪದವನ್ನು ಆಚೆ ತಳ್ಳಲು ಬಹಳ ಬಲವೇನೂ ಬೇಡ. ಯಾವ ಪದವನ್ನು ತಳ್ಳಬೇಕೆಂದು ವ್ಯಾಕರಣದ ಟೀಚರು ಹೇಳಿಕೊಡಬೇಕಿಲ್ಲ.